ಬಚ್ಚಲೊಲೆಯ ಬೆಂಕಿ
(ನೆಲಮಂಗಲದಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಮಾಡಿದ ಭಾಷಣ)



ಮೇವು, ಕೆಚ್ಚಲು ಬಾವು, ಕೃತಕ ಗರ್ಭಧಾರಣೆಗಳ ಬಗ್ಗೆ ಇಂಥ ಸಭೆಗಳಲ್ಲಿ ಸಾಕಷ್ಟು ಕೇಳಿದ್ದೀರಿ. ಇವತ್ತು ನಾನು ಬಚ್ಚಲೊಲೆಯ ವಿಷಯ ತೆಗೆದುಕೊಂಡಿದ್ದೇನೆ. ನಗಬೇಡಿ. ಕೊಟ್ಟಿಗೆ, ಹುಲ್ಲಿನ ಮೆದೆ, ಬಚ್ಚಲು ಮೂರೂ ಒಂದೇ ಹಿತ್ತಲಲ್ಲಿರುವ ಮನೆಗಳು ನಮ್ಮವು.

ನಾವು ಚಿಕ್ಕವರಾಗಿದ್ದಾಗ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿರುತ್ತಿದ್ದರು. ದೀಪಾವಳಿಯ ನೀರು ತುಂಬುವ ಹಬ್ಬ ಬಂತೆಂದರೆ ಹುಣಿಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ಅದಕ್ಕೆ ಪೂಜೆ. ಉಳಿದ ದಿನ ಒಲೆ ಹೊತ್ತಿಸುವ ಕೆಲಸ ಮಕ್ಕಳದೇ. ತೆಂಗಿನ ಗರಿ, ತೊಗರಿ ಕಡ್ಡಿ, ನೀಲಗಿರಿ ತರಗು, ಏನು ಸಿಕ್ಕಿದರೆ ಅದು. ನೀಲಗಿರಿ ಎಲೆಯಲ್ಲಿ ಎಣ್ಣೆ ಇರುವುದರಿಂದ ಭಗ್ಗನೆ ಹತ್ತಿಕೊಳ್ಳುತ್ತದೆ. ನಮಗೆ ಅದೇ ಆಟ. "ಒಲೆ ಬಾಯಿಗೆ ಮುಖ ಕೊಡಬೇಡ್ರೋ" ಎಂದು ಅಜ್ಜಿ ಒಳಗಿಂದ ಕೂಗುತ್ತಿದ್ದರು. ಚಳಿಗಾಲದಲ್ಲಿ ಆ ಒಲೆಯ ಮುಂದೆ ಕೂತು ಮಗ್ಗಿ ಬಾಯಿಪಾಠ ಮಾಡಿದವರು ಈ ಸಭೆಯಲ್ಲೂ ಇದ್ದೀರಿ.

ಆ ಸುಖದ ಖರ್ಚನ್ನು ಆಗ ಯಾರೂ ಲೆಕ್ಕ ಹಾಕಲಿಲ್ಲ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು 1,200 ಕಿಲೊ ಕ್ಯಾಲೊರಿ ಶಾಖ ಬೇಕು. ಒಣ ಸೌದೆ ಕಿಲೊ ಒಂದಕ್ಕೆ ಸುಮಾರು 4,000 ಕೊಡುತ್ತದೆ. ಅಂದರೆ ಮೂರನೇ ಒಂದು ಕಿಲೊ ಸಾಕಾಗಬೇಕಿತ್ತು. ಆದರೆ ಬಾಯಿ ತೆರೆದ ಒಲೆಯಲ್ಲಿ ನೂರಕ್ಕೆ ಹತ್ತು ಪಾಲು ಶಾಖ ಮಾತ್ರ ನೀರಿಗೆ ಸೇರುತ್ತದೆಂದು ಇಟ್ಟುಕೊಂಡರೂ ಮೂರು ಕಿಲೊ ಉರಿಯುತ್ತದೆ. ಮಿಕ್ಕಿದ್ದು ಗೋಡೆಗೆ, ಗಾಳಿಗೆ, ತಾಯಂದಿರ ಕಣ್ಣಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಓಡಾಡಿ ಈ ವಿಷಯವನ್ನೇ ಹಿಡಿದರು. ಸೌದೆಯ ಕೆಳಗೆ ಜಾಲರಿ, ಪಾತ್ರೆ ಒಲೆಯೊಳಗೆ ಇಳಿದು ಕೂರುವ ಗೂಡು, ಹೊಗೆಗೆ ಕೊಳವೆ: ಅಸ್ತ್ರ ಒಲೆಯ ಗುಟ್ಟು ಇಷ್ಟೆ. ಹಂಡೆ ಒಲೆಗೂ ಇದೇ ಉಪಾಯ ನಡೆಯುತ್ತದೆ.

ಗೋಬರ್ ಗ್ಯಾಸ್ ಇದ್ದರೆ ಸೌದೆ ಯಾಕೆ ಎನ್ನುವಿರಿ. 25 ಕಿಲೊ ಸಗಣಿಗೆ ಸುಮಾರು ಒಂದು ಘನ ಮೀಟರ್ ಅನಿಲ ಬರುತ್ತದೆ. ಅದು ಅರ್ಧ ಕಿಲೊ ಸಿಲಿಂಡರ್ ಗ್ಯಾಸಿಗೂ ಕೊಂಚ ಕಡಿಮೆ. ಎರಡು ಹಸುವಿನ ಮನೆಯಲ್ಲಿ ಅಡುಗೆಗೆ ಸರಿಹೋಗುತ್ತದೆ, ಇಡೀ ಮನೆಯ ಸ್ನಾನಕ್ಕೆ ಸಾಲದು. ಆದ್ದರಿಂದ ಬಚ್ಚಲೊಲೆ ಇನ್ನೂ ಇದೆ.

ಇನ್ನು ಅಪಾಯಗಳು. ಕೆಂಡವಿರುವ ಒಲೆಗೆ ಸೀಮೆಎಣ್ಣೆಯನ್ನೋ ಪೆಟ್ರೋಲನ್ನೋ ಸುರಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಂಕಿ ಆರಿದೆ ಎಂದು ಕಣ್ಣಿಗೆ ಕಂಡರೂ ಕೆಂಡದ ಬಿಸಿಗೆ ಎಣ್ಣೆ ಆವಿಯಾಗಿ, ಉರಿ ಡಬ್ಬದವರೆಗೂ ಹಿಮ್ಮುಖವಾಗಿ ನುಗ್ಗುತ್ತದೆ. ಸೀರೆಯ ಸೆರಗು, ನೈಲಾನ್ ಬಟ್ಟೆ ಇದ್ದರಂತೂ ಹೇಳುವುದೇ ಬೇಡ. ಹಳೇ ಟಯರು, ಪ್ಲಾಸ್ಟಿಕ್ ಚೀಲ ಉರಿಸುವ ಚಾಳಿ ಈಚಿನದು. ಅದರ ಹೊಗೆ ವಿಷ. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಲ್ಲಿ ಕೆಂಡ ಇಟ್ಟುಕೊಂಡು ಸ್ನಾನ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ತಲೆ ಸುತ್ತುವುದು ತಿಳಿಯುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ನಡುವೆ ಹೊಗೆಕೊಳವೆ ಇರುವ ತಾಮ್ರದ ಬಾಯ್ಲರ್ ಇದ್ದವರು ನೀರು ತುಂಬದೆ ಬೆಂಕಿ ಹಾಕಬಾರದು, ಬೆಸುಗೆ ಕರಗುತ್ತದೆ. ಆವಿ ಹೋಗುವ ದಾರಿಗೆ ಬಟ್ಟೆ ತುರುಕಲೇಬಾರದು.

ನಮ್ಮ ಕಸುಬಿಗೆ ತೀರ ಹತ್ತಿರದ್ದು ಬೂದಿ. ಬೆಳಿಗ್ಗೆ ಬಾಚಿ ತಿಪ್ಪೆಗೆ ಸುರಿದ ಬೂದಿಯೊಳಗೆ ಸಂಜೆಯವರೆಗೂ ಕೆಂಡ ಇರಬಹುದು. ಬೇಸಗೆಯ ಗಾಳಿಗೆ ಒಂದು ಕಿಡಿ ಮೆದೆಗೆ ಹಾರಿದರೆ ವರ್ಷದ ರಾಗಿ ಹುಲ್ಲು ಹೋಯಿತು. ನಮ್ಮೂರಲ್ಲಿ ಒಬ್ಬರ ಮೆದೆ ಹೀಗೇ ಸುಟ್ಟು, ಮೇವಿಲ್ಲದೆ ಕರೆಯುವ ಹಸುವನ್ನೇ ಮಾರಬೇಕಾಯಿತು. ಬೂದಿಗೆ ನೀರು ಚಿಮುಕಿಸಿ, ತಗಡಿನ ಡಬ್ಬದಲ್ಲಿ ಒಂದು ರಾತ್ರಿ ಇಟ್ಟು ಆಮೇಲೆ ಹಾಕಿ.

ಹಾಲಿನ ಕ್ಯಾನನ್ನು ಬಚ್ಚಲೊಲೆಯ ಬಳಿ ಇಡಬೇಡಿ, ಹಾಲು ಹೊಗೆವಾಸನೆ ಹೀರಿಕೊಳ್ಳುತ್ತದೆ. ಕೆಚ್ಚಲು ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಮೊದಲು ನಿಮ್ಮ ಕೈ ಅದ್ದಿ ನೋಡಿ.

ಮಕ್ಕಳ ಮೇಲೆ ಬಿಸಿನೀರು ಬಿದ್ದರೆ ಸಗಣಿ, ಶಾಯಿ, ಬೆಣ್ಣೆ ಏನನ್ನೂ ಹಚ್ಚದೆ 20 ನಿಮಿಷ ತಣ್ಣೀರು ಹರಿಸಿ; ಮಂಜುಗಡ್ಡೆ ಬೇಡ. ಸುಟ್ಟಗಾಯ ದೊಡ್ಡದಾಗಿದ್ದರೆ 108ಕ್ಕೆ ಫೋನ್ ಮಾಡಿ. ಕೊನೆಯದಾಗಿ, ಕೊಟ್ಟಿಗೆಯಲ್ಲಿ ದನಗಳನ್ನು ಜಾರುಗಂಟಿನಲ್ಲಿ ಕಟ್ಟಿ. ಬೆಂಕಿ ಬಿದ್ದ ಹೊತ್ತಿನಲ್ಲಿ ಗಂಟು ಬಿಚ್ಚುತ್ತಾ ಕೂರಲು ಸಮಯವಿರುವುದಿಲ್ಲ, ಒಂದೇ ಎಳೆತಕ್ಕೆ ಹಗ್ಗ ಕಳಚಬೇಕು.