ಎರಡು ಕಟ್ಟಳೆಗಳೂ ನ್ಯಾಯಾಸನವೂ



1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜರು ಸಂತಾನವಿಲ್ಲದೆ ಲಿಂಗೈಕ್ಯರಾಗಲು, ಸಂಸ್ಥಾನದ ದತ್ತಕವು ಸಿಂಧುವೆಂದು ಸಂಪ್ರದಾಯವೂ, ಅಸಿಂಧುವೆಂದು ಕಂಪನಿ ಸರಕಾರವೂ ನುಡಿದವು. ಪ್ರತಿಪಕ್ಷವಾದ ಕಂಪನಿಯೇ ನ್ಯಾಯಾಸನವನ್ನೂ ಏರಿದ್ದರಿಂದ ಆ ವ್ಯಾಜ್ಯವು ರಣರಂಗವನ್ನು ಸೇರಿತು. ರಾಣಿ ಚೆನ್ನಮ್ಮಾಜಿಯವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಲಿಂಗೈಕ್ಯರಾದರು.

ಇಂದಾದರೋ ಸರಕಾರವೂ ಸಂವಿಧಾನಕ್ಕೆ ಅಧೀನವು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾಯಿದೆಯು ಆ ವಿರೋಧದ ಮಟ್ಟಿಗೆ ಶೂನ್ಯವೆಂದು ಅದರ 13ನೆಯ ಅನುಚ್ಛೇದವು ವಿಧಿಸುತ್ತದೆ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ, 1954ರಲ್ಲಿ, ಸುಪ್ರೀಂ ಕೋರ್ಟು ಮದ್ರಾಸು ಕಾಯಿದೆಯ ಕೆಲವು ಕಲಮುಗಳನ್ನು ರದ್ದುಗೊಳಿಸಿತು. ಧರ್ಮದ ತಿರುಳಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತದಿಂದಲೇ ಅರಿಯತಕ್ಕದ್ದು; ಆಸ್ತಿಯ ಆಡಳಿತವನ್ನು ಶಾಸನವು ನಿಯಂತ್ರಿಸಬಹುದು ಎಂದಿತು.

ಆದಕಾರಣ ಮಠದ ಆಚಾರಕ್ಕೆ ರಕ್ಷೆಯುಂಟು, ಮಠದ ಲೆಕ್ಕಕ್ಕೆ ಪರೀಕ್ಷೆಯುಂಟು. ಎರಡನ್ನೂ ಒಪ್ಪಿ ನಡೆಯುವುದು ನಮಗೆ ಶ್ರೇಯಸ್ಕರವು.