ಕಾಡಿಗೆ ಬಿಟ್ಟವರ ಹತ್ತಿರ ಹೋದ ಸಂತ

(ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತು)



ಇವತ್ತು ಸಂತ ಜೋಸೆಫ್ ವಾಜ್ ಅವರ ಜೀವನ ಹೇಳ್ತೀನಿ. ನಮ್ಮಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಈ ಕಥೆ ಎಲ್ಲರಿಗೂ ಸೇರಿದ್ದು.

ಅವರು 1651ರಲ್ಲಿ ಗೋವಾದಲ್ಲಿ ಹುಟ್ಟಿದರು. ಗುರುಗಳಾದ ಮೇಲೆ 1681ರಲ್ಲಿ ನಮ್ಮ ಕರಾವಳಿಗೆ ಬಂದರು. ಆಗ ಅಲ್ಲಿ ಕೆಳದಿ ಚೆನ್ನಮ್ಮನ ಆಳ್ವಿಕೆ. ಮಂಗಳೂರು, ಬಸರೂರು, ಗಂಗೊಳ್ಳಿ ಅಂತ ಸುಮಾರು ಮೂರು ವರ್ಷ ಸುತ್ತಿ ಸೇವೆ ಮಾಡಿದರು. 1687ರಲ್ಲಿ ಶ್ರೀಲಂಕೆಗೆ ಹೋದರು. ಅಲ್ಲಿನ ಕರಾವಳಿ ಡಚ್ಚರ ಕೈಯಲ್ಲಿತ್ತು. ಅವರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅದಕ್ಕೆ ಇವರು ಕೂಲಿಯಾಳಿನ ವೇಷದಲ್ಲಿ ಹೋದರು. ಮುಂದೆ ಕ್ಯಾಂಡಿ ಪಟ್ಟಣದಲ್ಲಿ ಗೂಢಚಾರ ಅಂತ ಅನುಮಾನಪಟ್ಟು ಸೆರೆಯಲ್ಲಿಟ್ಟರು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಂತು. ರಾಜನೇ ಊರು ಬಿಟ್ಟ. ಬೇನೆ ಬಿದ್ದವರನ್ನು ಮನೆಯವರೇ ಕಾಡಿಗೆ ಬಿಟ್ಟರು. ಫಾದರ್ ವಾಜ್ ಮತ್ತು ಅವರ ಸಂಬಂಧಿ ಫಾದರ್ ಜೋಸೆಫ್ ಕರ್ವಾಲೊ ಮಾತ್ರ ಅಲ್ಲೇ ಉಳಿದರು. ಗುಡಿಸಲು ಹಾಕಿದರು, ಊಟ ಕೊಟ್ಟರು, ಗಾಯ ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮ ಅಂತ ಕೇಳಲಿಲ್ಲ. ಹಿಂದೆ ಸೆರೆಯಲ್ಲಿಟ್ಟವರ ಊರು ಅಂತ ಮುಖ ತಿರುಗಿಸಲೂ ಇಲ್ಲ.

ಈಗ ನಮ್ಮ ಮಾತಿಗೆ ಬರೋಣ. ನಾನು ನೋಡಿದ ಒಂದು ಸಂಘದಲ್ಲಿ ಒಬ್ಬ ತಾಯಿಗೆ ಟಿ.ಬಿ. ಆಯ್ತು. ಚಾಪೆ ಮೇಲೆ ಜಾಗ ಸಿಗಲಿಲ್ಲ, ಬಾಗಿಲ ಹತ್ತಿರ ಕೂತಳು. ಉಳಿತಾಯದ ದುಡ್ಡು ನೆಲದ ಮೇಲೆ ಇಡು ಅಂದ್ರು. ಸಾಲ ಕೇಳಿದಾಗ "ತೀರಿಸೋಕೆ ಇವಳು ಇರ್ತಾಳೇನ್ರಿ?" ಅಂತ ಒಬ್ಬರು ಅಂದ್ರು. ನಾನೂ ಅಲ್ಲೇ ಇದ್ದೆ. ಜಗಳ ಬೇಡ ಅಂತ ಸುಮ್ಮನಾದೆ. ಅದು ನನ್ನ ತಪ್ಪು.

ಆಕೆ ಸಭೆಗೆ ಬರೋದು ಬಿಟ್ಟಳು. ಜನ ನೋಡ್ತಾರೆ ಅಂತ ಮಾತ್ರೆ ತರೋಕೆ ಆಸ್ಪತ್ರೆಗೂ ಹೋಗಲಿಲ್ಲ. ನೋಡ್ರಿ, ನಾವು ದೂರ ಮಾಡಿದರೆ ಬೇನೆ ದೂರ ಆಗಲ್ಲ, ಒಳಗೆ ಅಡಗಿ ಕೂರುತ್ತೆ. ಮಾತ್ರೆ ನಡುವೆ ಬಿಟ್ಟರೆ ಟಿ.ಬಿ. ಇನ್ನೂ ಗಟ್ಟಿ ಆಗುತ್ತೆ, ಮನೆಯ ಮಕ್ಕಳಿಗೂ ಹರಡಬಹುದು.

ಆಮೇಲೆ ಮೂವರು ಸದಸ್ಯೆಯರು ನನ್ನ ಜೊತೆ ಅವರ ಮನೆಗೆ ಬಂದರು. ಅವರ ಕೈಯಿಂದ ಚಹಾ ಕುಡಿದೆವು. ಆಶಾ ಕಾರ್ಯಕರ್ತೆ ಮತ್ತೆ ಚಿಕಿತ್ಸೆ ಶುರು ಮಾಡಿಸಿದರು. ಆ ತಾಯಿ ಗುಣ ಆದರು, ಸಂಘಕ್ಕೂ ಬಂದರು.

ಟಿ.ಬಿ. ಗಾಳಿಯಿಂದ ಹರಡುತ್ತೆ, ತಟ್ಟೆ, ದುಡ್ಡು ಮುಟ್ಟಿದರೆ ಅಲ್ಲ. ಕೆಮ್ಮುವಾಗ ಬಾಯಿಗೆ ಬಟ್ಟೆ ಇರಲಿ, ಕಿಟಕಿ ತೆರೆದಿರಲಿ. ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ.

ಫಾದರ್ ವಾಜ್ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ನಾವು ಕಾಡಿಗೆ ಹೋಗೋದು ಬೇಡ. ಮುಂದಿನ ಸಭೆಯಲ್ಲಿ ಹಾಜರಿ ಪುಸ್ತಕ ತೆಗೆದು, ಯಾರು ಬಂದಿಲ್ಲ ಅಂತ ನೋಡ್ರಿ. ಅವರ ಮನೆ ಬಾಗಿಲು ತಟ್ಟಿರಿ.