ಒಂದು ಮಿರ್ಚಿ, 12 ಜೊತೆ ನರಗಳು

ಸಂಜೆಯಾದರೆ ದಾವಣಗೆರೆಯ ಮಂಡಕ್ಕಿ ಅಂಗಡಿಗಳಲ್ಲಿ ಬಿಸಿ ಬಿಸಿ ಮಿರ್ಚಿ ಬೇಯುತ್ತದೆ. ಬಾಣಲೆಯಿಂದ ಆಗಷ್ಟೇ ತೆಗೆದ ಒಂದು ಮಿರ್ಚಿ ನಿಮ್ಮ ತಟ್ಟೆಗೆ ಬಂತು ಎಂದುಕೊಳ್ಳಿ. ಅದನ್ನು ನೋಡಿ, ಕಚ್ಚಿ, ನುಂಗುವಷ್ಟರಲ್ಲಿ ನಿಮ್ಮ ತಲೆಯೊಳಗೆ ಎಷ್ಟೆಲ್ಲ ಕೆಲಸ ನಡೆಯುತ್ತದೆ ಗೊತ್ತೇ?

ಕೈಕಾಲುಗಳ ನರಗಳು ಬೆನ್ನುಹುರಿಯ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕಣ್ಣು, ಮೂಗು, ಕಿವಿ, ನಾಲಿಗೆಗಳ ನರಗಳು ಹಾಗಲ್ಲ. ಅವು ತಲೆಬುರುಡೆಯ ರಂಧ್ರಗಳಲ್ಲಿ ಹಾದು ನೇರವಾಗಿ ಮೆದುಳನ್ನು ಸೇರುತ್ತವೆ. ಇವೇ ಕಪಾಲ ನರಗಳು. ಎಡಕ್ಕೊಂದು, ಬಲಕ್ಕೊಂದರಂತೆ ಒಟ್ಟು 12 ಜೊತೆ ಇವೆ. ಪ್ರಾಚೀನ ರೋಮ್ ಸಾಮ್ರಾಜ್ಯದ ವೈದ್ಯ ಗೇಲನ್ ಇವನ್ನು 7 ಜೊತೆ ಎಂದು ಎಣಿಸಿದ್ದ. ನಾವು ಇಂದು ಓದುವ 12ರ ಲೆಕ್ಕವನ್ನು 1778ರಲ್ಲಿ ಕೊಟ್ಟವರು ಜರ್ಮನಿಯ ಸೊಮ್ಮರಿಂಗ್. ಮೆದುಳಿನ ಮುಂಭಾಗದಿಂದ ಹಿಂದಕ್ಕೆ ಒಂದು, ಎರಡು ಎಂದು ಇವುಗಳಿಗೆ ಸಂಖ್ಯೆ ಕೊಟ್ಟಿದ್ದಾರೆ.

ಈಗ ಮಿರ್ಚಿಗೆ ಬರೋಣ. ಅದರ ಘಮವನ್ನು ಮೆದುಳಿಗೆ ಒಯ್ಯುವುದು ಒಂದನೆಯ ನರ. ಅದರ ಹೊಂಬಣ್ಣವನ್ನು ತಿಳಿಸುವುದು ಎರಡನೆಯದು, ಅಂದರೆ ದೃಷ್ಟಿ ನರ. ಒಂದೊಂದು ದೃಷ್ಟಿ ನರದಲ್ಲೂ ಸುಮಾರು 10 ಲಕ್ಷ ಎಳೆಗಳಿವೆ! ನಿಮ್ಮ ಕಣ್ಣು ಬಾಣಲೆಯಿಂದ ತಟ್ಟೆಯತ್ತ ತಿರುಗಿತಲ್ಲ, ಒಂದು ಕಣ್ಣನ್ನು ಹೀಗೆ ಹೊರಳಿಸಲು ಆರು ಪುಟ್ಟ ಸ್ನಾಯುಗಳಿವೆ. ಅವನ್ನು ಮೂರು, ನಾಲ್ಕು ಮತ್ತು ಆರನೆಯ ನರಗಳು ಹಂಚಿಕೊಂಡು ನಡೆಸುತ್ತವೆ.

ಮಿರ್ಚಿ ಕಚ್ಚಿದಿರಿ. ದವಡೆಯನ್ನು ಆಡಿಸುವುದು ಐದನೆಯ ನರ. ಬಾಯಿ ಉರಿಯಿತೇ? ಆ ಸುದ್ದಿ ಕೊಡುವುದರಲ್ಲೂ ಅದಕ್ಕೇ ದೊಡ್ಡ ಪಾಲು. ಇಲ್ಲೊಂದು ಸೋಜಿಗವಿದೆ. ಉಪ್ಪು, ಹುಳಿ, ಸಿಹಿ, ಕಹಿಗಳಂತೆ ಖಾರ ಒಂದು ರುಚಿಯಲ್ಲ! ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು, ಸುಡುವ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಕೆಣಕುತ್ತದೆ. ಆದ್ದರಿಂದ ಮಿರ್ಚಿ ಆರಿ ತಣ್ಣಗಾಗಿದ್ದರೂ ಬಾಯಿ ಸುಟ್ಟಂತೆ ಮೆದುಳಿಗೆ ಅನಿಸುತ್ತದೆ.

ಖಾರಕ್ಕೆ ಮುಖ ಕಿವುಚುವುದು, ಕಣ್ಣೀರು ಸುರಿಸುವುದು ಏಳನೆಯ ನರದ ಕೆಲಸ. ನಾಲಿಗೆಯ ಮುಂಭಾಗದ ರುಚಿಯನ್ನು ಹೇಳುವುದೂ ಅದೇ. ಹಿಂಭಾಗದ ರುಚಿ ಒಂಬತ್ತನೆಯದರ ಪಾಲು. ಬಾಣಲೆಯ ಚೊಂಯ್ ಸದ್ದನ್ನು ಕೇಳಿಸಿದ್ದು ಎಂಟನೆಯ ನರ. ನೀವು ಬೀಳದೆ ನಿಂತಿರಲು ಬೇಕಾದ ಸಮತೋಲದ ಸುದ್ದಿಯನ್ನೂ ಅದು ಒಳಕಿವಿಯಿಂದ ತರುತ್ತದೆ. ತುತ್ತನ್ನು ಹೊರಳಿಸುವ ನಾಲಿಗೆ ಹನ್ನೆರಡನೆಯ ನರದ ಮಾತು ಕೇಳುತ್ತದೆ. ನೀರಿಗಾಗಿ ಅತ್ತಿತ್ತ ಕತ್ತು ತಿರುಗಿಸಿದಿರಲ್ಲ, ಅದು ಹನ್ನೊಂದನೆಯದರ ನೆರವಿನಿಂದ.

ಉಳಿದದ್ದು ಹತ್ತನೆಯದು, ವೇಗಸ್ ನರ. ಇವೆಲ್ಲವುಗಳಲ್ಲಿ ಅತಿ ದೂರ ಹೋಗುವುದು ಇದೇ. ಗಂಟಲಲ್ಲಿ ತುತ್ತು ನುಂಗಿಸಿ, ದನಿ ಹೊರಡಿಸಿ, ಎದೆಗಿಳಿದು ಹೃದಯ, ಶ್ವಾಸಕೋಶಗಳನ್ನು ಮುಟ್ಟಿ, ಹೊಟ್ಟೆಯವರೆಗೂ ಸಾಗುತ್ತದೆ. ಹೃದಯದ ಬಡಿತವನ್ನು ನಿಧಾನಗೊಳಿಸುವುದೂ ಇದರ ಕೆಲಸ. ಆಟೊ ಲೋವಿ ಎಂಬ ವಿಜ್ಞಾನಿ 1921ರಲ್ಲಿ ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿದರು. ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು! ನರಗಳು ರಾಸಾಯನಿಕಗಳ ಮೂಲಕ ಸಂದೇಶ ಕೊಡುತ್ತವೆ ಎಂದು ಹೀಗೆ ತಿಳಿಯಿತು. 1936ರಲ್ಲಿ ಅವರು ಹೆನ್ರಿ ಡೇಲ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು.

ನೀವೂ ಒಂದು ಪ್ರಯೋಗ ಮಾಡಿ. ಮಬ್ಬು ಬೆಳಕಿನ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು ನಿಮ್ಮ ಕಣ್ಣುಪಾಪೆಯನ್ನು ನೋಡಿ. ಆಮೇಲೆ ದೀಪ ಹಾಕಿ. ಪಾಪೆ ತಟ್ಟನೆ ಕಿರಿದಾಗುತ್ತದೆ. ಬೆಳಕು ಬಂದಿದೆ ಎಂದು ಎರಡನೆಯ ನರ ಹೇಳಿತು, ಪಾಪೆಯನ್ನು ಮೂರನೆಯದು ಕಿರಿದಾಗಿಸಿತು. ಇದಕ್ಕೆ ನಿಮ್ಮ ಅಪ್ಪಣೆಯೇ ಬೇಕಾಗಲಿಲ್ಲ.

ಇಷ್ಟು ದುಡಿಯುವ ನರಗಳು ಬಲು ನಾಜೂಕು. ವಾಸನೆಯ ನರದ ಎಳೆಗಳು ಮೂಗಿನ ಮೇಲೆ ಜರಡಿಯಂತಿರುವ ಮೂಳೆಯ ತೂತುಗಳಲ್ಲಿ ಹಾದುಹೋಗುತ್ತವೆ. ತಲೆಗೆ ಜೋರಾಗಿ ಪೆಟ್ಟಾದರೆ ಅವು ಹರಿದು, ಘಮವೇ ತಿಳಿಯದಂತಾಗಬಹುದು. ಆದ್ದರಿಂದ ಮಕ್ಕಳೇ, ಸೈಕಲ್ ಹತ್ತುವಾಗ, ಸ್ಕೂಟರಿನಲ್ಲಿ ದೊಡ್ಡವರ ಹಿಂದೆ ಕೂರುವಾಗ, ತಪ್ಪದೆ ಹೆಲ್ಮೆಟ್ ಹಾಕಿಕೊಳ್ಳಿ.